ಮೇಟಿ ಸುತ್ತಿದ ಮಿಲಿಟರಿ ಲಾರಿ

"ಮೇಟಿ ಎಲ್ಲಿ ನೆಡ್ಲಿ? ಇದರ ನೆತ್ತಿ ಮ್ಯಾಲಾ?"

ಎತ್ತುಗಳಿಂದ ಎಳೆಸಿಕೊಂಡು ಬಂದ ಹಳೆಯ ಮಿಲಿಟರಿ ಲಾರಿಯನ್ನು ಅಪ್ಪ ನಮ್ಮ ಕಣದ ನಟ್ಟನಡುವೆ ನಿಲ್ಲಿಸಿದಾಗ ಅಜ್ಜಿ ಕೇಳಿದ್ದು ಇಷ್ಟೇ. ಒಕ್ಕಣೆಗೆ ಎತ್ತುಗಳನ್ನು ಕಟ್ಟಿ ಸುತ್ತಿಸುತ್ತಾರಲ್ಲ, ಆ ಮೇಟಿ ಕಂಬದ ಜಾಗ ಅದು.

ಐವತ್ತರ ದಶಕದ ಕೊನೆಯ ಮಾತು. ಶಿಕಾರಿಪುರ ತಾಲ್ಲೂಕಿನ ಅಂಜನಾಪುರದ ಹತ್ತಿರ ನಮ್ಮ ಊರು. ನಾನು ಆಗ ಮಿಡ್ಲ್ ಸ್ಕೂಲಿನಲ್ಲಿದ್ದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಾದ ಲಾರಿ. ಸೊರಬದ ಉಳವಿ ಕಡೆ ಕಾಡಿನಲ್ಲಿ ಮರದ ದಿಮ್ಮಿ ಹೊತ್ತು ಹೊತ್ತು ಕೆಟ್ಟು, ಮೈತುಂಬ ಬಳ್ಳಿ ಹಬ್ಬಿಸಿಕೊಂಡು ನಿಂತಿತ್ತು. ಆದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ ಸಿಗುವ ಜಾತಿ ಅದು. ಅಪ್ಪ ಮರುಳಾಗಿದ್ದು ಅದಕ್ಕೇ.

"ಎಂಥಾ ಕೆಸರಾಗೂ ಹೋಗ್ತತಿ, ಅವ್ವಾ."

"ಕೆಸರಾಗ ಎಮ್ಮಿನೂ ಹೋಗ್ತತಿ. ಹಾಲೂ ಕೊಡ್ತತಿ" ಎಂದಳು ಅಜ್ಜಿ.

ಆಮೇಲೆ ಕರಾರು ಹಾಕಿದಳು. ಬರುವ ಸುಗ್ಗಿ ಮುಗಿಯುವುದರೊಳಗೆ ಇದು ಮನೆಗೆ ಒಂದು ಕೆಲಸ ಮಾಡಿ ತೋರಿಸಬೇಕು. ಇಲ್ಲದಿದ್ದರೆ ಗುಜರಿಗೆ. ನಮ್ಮ ಮನೆಯಲ್ಲಿ ಅಜ್ಜಿಯ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಈಗಿನವರು ಹಳೆ ಜೀಪನ್ನು ಪಟ್ಟಣದ ಗ್ಯಾರೇಜಿಗೆ ಬಿಟ್ಟು ಬರುತ್ತಾರೆ. ಪೇಂಟು ಒಣಗಿದ ಮೇಲೆ ಅದರ ಪಕ್ಕ ಕೈಕಟ್ಟಿ ನಿಂತು, "ಮನೆಯಲ್ಲೇ ರೆಸ್ಟೋರ್ ಮಾಡಿದೆ" ಎಂದು ಫೋಟೊ ಹಾಕುತ್ತಾರೆ. ಅಲ್ಲ ಸ್ವಾಮಿ, ನಿಮ್ಮ ಉಗುರುಗಳೂ ಅದೇ ಫೋಟೊದಲ್ಲಿ ಕಾಣುತ್ತವಲ್ಲ!

ಅಪ್ಪನ ಉಗುರಿನ ಗ್ರೀಸು ಯುಗಾದಿಗೆ ಹತ್ತಿದ್ದು ದೀಪಾವಳಿಯಾದರೂ ಬಿಡಲಿಲ್ಲ.

ಅಮ್ಮನ ತಮ್ಮ, ನನ್ನ ಸೋದರಮಾವ, ಸೊರಬದಲ್ಲಿ ಬಸ್ ಡ್ರೈವರ್. ರಜೆ ಸಿಕ್ಕಾಗಲೆಲ್ಲ ಬರುತ್ತಿದ್ದ. ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕಿನೊಳಗೆ ಸಣ್ಣ ಸಣ್ಣ ಕಲ್ಲು ಹಾಕಿ, ಅವನೂ ಅಪ್ಪನೂ ಆಚೆ ಈಚೆ ನಿಂತು ತೊಟ್ಟಿಲು ತೂಗಿದಂತೆ ತೂಗಿದರು. ಒಳಗಿನ ತುಕ್ಕೆಲ್ಲ ಉದುರಿತು.

ವಾಲ್ವುಗಳು ಬಿಗಿಯಾಗಿ ಕೂರಬೇಕಾದರೆ ಅವುಗಳಿಗೆ ಪೇಸ್ಟು ಹಚ್ಚಿ, ಒಂದು ಕೋಲನ್ನು ಎರಡೂ ಅಂಗೈ ನಡುವೆ ಹೊಸೆಯುತ್ತ ಉಜ್ಜಬೇಕಿತ್ತು. ಅಪ್ಪ ಹೊಸೆಯುವುದನ್ನು ಅಮ್ಮ ಸ್ವಲ್ಪ ಹೊತ್ತು ನೋಡಿದಳು.

"ಹೀಗೆ ಕಡೆದ್ರೆ ಬೆಣ್ಣೆ ಬಂದ ಹಾಗೇ ಸೈ. ಇತ್ತ ಕೊಡಿ."

ಉಳಿದ ವಾಲ್ವುಗಳನ್ನೆಲ್ಲ ಅಮ್ಮನೇ ಉಜ್ಜಿದಳು.

ಕಷ್ಟವಾದದ್ದು ಮುಂದಿನ ಚಕ್ರಗಳದ್ದು. ಅವಕ್ಕೆ ಎಳೆತ ಕೊಡುವ ಶಾಫ್ಟನ್ನು ಹಿಂದೆ ಯಾರೋ ಬಿಚ್ಚಿ ಲಾರಿಯೊಳಗೇ ಎಸೆದಿದ್ದರು. ಅದನ್ನು ಸರಿಮಾಡಿ ಕೂರಿಸುವುದರಲ್ಲಿ, ಚಪ್ಪರದ ಕೆಳಗೆ, ಅಪ್ಪನ ಮಳೆಗಾಲವೆಲ್ಲ ಕಳೆಯಿತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಕೆಮ್ಮಿತು, ಸೀನಿತು... ಕೊನೆಗೆ ಹಿಡಿದುಕೊಂಡಿತು. ಅಪ್ಪ ಅಂಜನಾಪುರದ ಏರಿಯವರೆಗೆ ಓಡಿಸಿಕೊಂಡು ಹೋಗಿ ಬಂದ. ಊರೇ ನೋಡಲು ನಿಂತಿತ್ತು.

"ಓಡೋದು ಕುದ್ರಿನೂ ಓಡ್ತತಿ. ಕೆಲ್ಸ?" ಎಂದಳು ಅಜ್ಜಿ.

ಲಾರಿ ಹಿತ್ತಿಲಿಗೆ ಹೋಯಿತು. ಕಣವನ್ನು ಬಡಿದು, ಸಗಣಿ ಸಾರಿಸಿ, ಮೇಟಿ ನೆಟ್ಟು ಪೂಜೆ ಮಾಡಿದರು. ಸುಗ್ಗಿ ಶುರುವಾಯಿತು. ಲಾರಿಗೆ ಮಾತ್ರ ಕೆಲಸ ಹುಟ್ಟಲಿಲ್ಲ. ಅಪ್ಪ ಊಟಕ್ಕೆ ಕೂತರೂ ಹಿತ್ತಿಲ ಕಡೆಯೇ ನೋಡುತ್ತಿದ್ದ.

ಕೊನೆಯ ಗದ್ದೆಯ ಭತ್ತ ಕಣಕ್ಕೆ ಬಂದ ದಿನ ಮೋಡ ಕಟ್ಟಿತು. ನಮ್ಮ ಎತ್ತುಗಳಲ್ಲಿ ಒಂದು ಕುಂಟುತ್ತಿತ್ತು. ಊರಿನ ಉಳಿದ ಎತ್ತುಗಳೆಲ್ಲ ಅವರವರ ಕಣದಲ್ಲಿ. ಭತ್ತ ನೆನೆದರೆ ಮೊಳಕೆ ಒಡೆಯುತ್ತದೆ.

"ಅವ್ವಾ, ಲಾರಿ ಸುತ್ತಿಸ್ಲಾ?"

ಅಜ್ಜಿ ಮೋಡ ನೋಡಿದಳು, ಲಾರಿ ನೋಡಿದಳು.

"ಮೊದ್ಲು ಗಾಲಿ ತೊಳಿ. ನಮ್ಮ ಕಣದಾಗ ಯಾರೂ ಚಪ್ಲಿ ಮೆಟ್ಟಿ ಬರಂಗಿಲ್ಲ."

ಬಾವಿಯಿಂದ ಕೊಡಪಾನಗಟ್ಟಲೆ ನೀರು ಸೇದಿ, ತೆಂಗಿನ ನಾರಿನಿಂದ ಟೈರುಗಳನ್ನು ತಿಕ್ಕಿ ತೊಳೆದೆವು.

ಅಪ್ಪ ನಾಲ್ಕೂ ಚಕ್ರದ ಲಿವರ್ ಹಾಕಿ ಹರವಿದ ಭತ್ತದ ಮೇಲೆ ಹೊರಡುತ್ತಾನೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಮುಂದಿನ ಚಕ್ರಗಳು ಜಗ್ಗಾಡಿ, ಹುಲ್ಲಿನ ಕೆಳಗೆ ಸಾರಿಸಿದ ನೆಲ ಹಪ್ಪಳದಂತೆ ಏಳುತ್ತಿದೆ. ಅಜ್ಜಿ ಅಡ್ಡ ಬಂದು ನಿಂತೇಬಿಟ್ಟಳು.

"ನಾಕು ಎತ್ತು ನಾಕು ಕಡಿ ಜಗ್ಗಿದಂಗಾತಲ್ಲೋ!"

ರಜೆಗೆ ಬಂದಿದ್ದ ಮಾವ ಓಡಿ ಬಂದ. "ಬಾವ, ಮುಂದಿನ ಚಕ್ರದ್ದು ಬಿಡಿಸಿ ಮಾರಾಯ್ರೆ. ಗಟ್ಟಿ ನೆಲದ ಮೇಲೆ ಸಣ್ಣ ಸುತ್ತು, ನಾಲ್ಕೂ ಎಳೆದ್ರೆ ಹೀಗೇ ಆಗ್ತದೆ."

"ಅದನ್ನ ಹಾಕಾಕ ಇಡೀ ಮಳಿಗಾಲ ಕಳದೀನಲ್ಲಯ್ಯ" ಎಂದ ಅಪ್ಪ. ಅವನ ಮುಖ ನೋಡಲಾಗುತ್ತಿರಲಿಲ್ಲ.

"ಮಳಿ ಬಂದ ಮ್ಯಾಲ ಹಾಕ್ಕೊಂಡೀಯಂತ. ಈಗ ಬಿಡ್ಸು" ಎಂದಳು ಅಜ್ಜಿ.

ಅಪ್ಪ ಲಿವರ್ ಎಳೆದ. ಲಾರಿ ಸಾಧುವಾಗಿ ತಿರುಗತೊಡಗಿತು. ಸುತ್ತಿನ ಮೇಲೆ ಸುತ್ತು... ಕಾಳು ಉದುರುತ್ತಿದೆ, ಹುಲ್ಲು ಮೆತ್ತಗಾಗುತ್ತಿದೆ, ಅಮ್ಮ ಕೊಕ್ಕೆಯಲ್ಲಿ ಹುಲ್ಲು ತಿರುವಿ ಹಾಕುತ್ತಿದ್ದಾಳೆ.

ಅಷ್ಟರಲ್ಲಿ ಅಜ್ಜಿ ಮತ್ತೆ ಕೈ ಅಡ್ಡ ಹಿಡಿದಳು. ಹುಲ್ಲಿನ ಮೇಲೆ ಆಯಿಲ್ ಹನಿ.

ಕಣದಲ್ಲಿ ಎತ್ತು ಸಗಣಿ ಹಾಕಿದರೆ ಕಾಳಿಗೆ ಬೀಳದಂತೆ ಹುಲ್ಲೊಡ್ಡಿ ಹಿಡಿಯುವುದು ವಾಡಿಕೆ. ಅಜ್ಜಿ ಬಗ್ಗಿ ಲಾರಿಯ ಕೆಳಗೆ ಇಣುಕಿದಳು.

"ಎತ್ತಿಗಾದ್ರ ಹಿಂದ ಹಿಡೀಬೇಕು. ಇದಕ್ಕ ಹೊಟ್ಟಿ ಕೆಳಗ."

ಒಳಗಿನಿಂದ ತಾನೇ ಒಂದು ಬೋಗುಣಿ ತಂದು ಕೊಟ್ಟಳು. ಮಾವ ಅದನ್ನು ಎಂಜಿನ್ನಿನ ಕೆಳಗೆ ತಂತಿಯಿಂದ ಬಿಗಿದ.

ಸಂಜೆಗೆ ಒಕ್ಕಣೆ ಮುಗಿಯಿತು. ಕಾಳನ್ನು ರಾಶಿ ಮಾಡಿ, ದಪ್ಪಗೆ ಹುಲ್ಲು ಹೊದಿಸಿ ಮುಗಿಸುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಎಲ್ಲರೂ ಜಗುಲಿಗೆ ಓಡಿ ನಿಂತೆವು. ಲಾರಿ ಕಣದ ಅಂಚಿನಲ್ಲಿ ನೆನೆಯುತ್ತಿತ್ತು. ಅಪ್ಪ ಅಜ್ಜಿಯ ಕಡೆ ನೋಡಿದ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: "ಬರೋ ವರ್ಷ ಕಣ ಒಂದೀಟು ದೊಡ್ಡದು ಮಾಡೋ. ತಿರುಗಾಕ ಒದ್ದಾಡ್ತತಿ ಪಾಪ."

ಈಗ ಆ ಕಡೆ ಹೋದಾಗ ಹೋಗಿಬರುವ ಗಾಡಿಗಳೇ ತುಳಿದು ಒಕ್ಕಲಿ ಅಂತ ಟಾರು ರಸ್ತೆಯ ಮೇಲೇ ಬೆಳೆ ಹರವಿದ್ದು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ನಿಮ್ಮೂರಿನಲ್ಲಿ ಕಣ ಅಂತ ಒಂದು ಜಾಗ ಇನ್ನೂ ಉಳಿದಿದೆಯೇ?