ಕೊರಳಿಗೆ ಹಾಕಿದ ಕಾರ್ಡು

ಇಂದುಮತಿ ಮರೆಯುವ ಹೆಂಗಸಲ್ಲ. ಬೈದವರನ್ನು ಮರೆತಾಳು, ಅಡುಗೆಗೆ ಹೆಸರಿಟ್ಟವರನ್ನೂ ಮರೆತಾಳು; ನಾಲ್ಕು ಜನರ ಮುಂದೆ ತನ್ನನ್ನು ನೋಡಿ ನಕ್ಕವರನ್ನು ಮಾತ್ರ ಸಾಯುವ ತನಕ ಮರೆಯಳು. ಕೊಳ್ಳೇಗಾಲ ಬಿಟ್ಟು ಅಮೆರಿಕದ ಶಿಕಾಗೊ ಪಕ್ಕದ ಎಲ್ಕ್ ಗ್ರೋವ್ ವಿಲೇಜಿಗೆ ಬಂದು ಇಪ್ಪತ್ತೆರಡು ವರ್ಷವಾಗಿದ್ದರೂ ಆ ಗುಣ ಇದ್ದ ಹಾಗೇ ಇತ್ತು.

ಅಲ್ಲಿನ ಕಾರ್ಖಾನೆಯೊಂದರಲ್ಲಿ ಶಾಂಪೂ ಬಾಟಲಿಗಳನ್ನು ಪೆಟ್ಟಿಗೆಗೆ ತುಂಬುವುದು ಅವಳ ಕೆಲಸ. ಮಷೀನುಗಳ ಗದ್ದಲದಲ್ಲಿ ಇಂಗ್ಲಿಷ್ ಬಂದರೂ ಒಂದೇ, ಬಾರದಿದ್ದರೂ ಒಂದೇ. ಪಕ್ಕದಲ್ಲಿ ನಿಲ್ಲುವವಳು ಗ್ರೀಸ್ ದೇಶದ ಎಲೆನಿ. ಒಂಬತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡಿದರೂ ಇವಳಿಗೆ ಗ್ರೀಕಿನ ಒಂದು ಪದ ಬಾರದು. ಆದರೂ ಎಲೆನಿಯ ಮಂಡಿನೋವು, ಸೊಸೆಯ ಮುನಿಸು, ಮೊಮ್ಮಗುವಿನ ಹಲ್ಲು ಎಲ್ಲವೂ ಗೊತ್ತು. ಕೈ, ಕಣ್ಣು, ಹುಬ್ಬಿನಲ್ಲೇ ವ್ಯವಹಾರ. ಎರಡನೇ ಸಲ ಚಿತ್ರಾನ್ನ ಹಾಕಲು ಹೋದರೆ ಎಲೆನಿ ಗದ್ದ ಮೇಲೆತ್ತಿ 'ಚ್' ಎನ್ನುವಳು. ಬೇಡ ಎಂದರ್ಥ. ಇಂದುಮತಿಯ ಅತ್ತೆಯೂ ಬೇಡ ಎನ್ನಲು ಹೀಗೇ ನಾಲಿಗೆ ಲೊಚಗುಟ್ಟುತ್ತಿದ್ದಳು. ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೇ ತಿಂಗಳಲ್ಲಿ ಶಿಕಾಗೊ ಮತ್ತು ಡೆಟ್ರಾಯಿಟ್ ಕಡೆಯ ಒಂಬತ್ತು ಜನ ಕನ್ನಡಿಗರು ಗ್ರೀಸ್ ನೋಡಲು ಹೊರಟರು. ಯಜಮಾನಿಕೆ ಓಕ್ ಬ್ರೂಕಿನ ದಿನೇಶನದು. ಫೋನಿನಲ್ಲಿ ಮೂರು ತಿಂಗಳು ಗ್ರೀಕ್ ಕಲಿತು ಆ ದೇಶವೇ ತನ್ನದೆಂಬಂತೆ ಬೀಗುತ್ತಿದ್ದ. ಓ'ಹೇರ್ ವಿಮಾನ ನಿಲ್ದಾಣದಲ್ಲಿ, ಎಲ್ಲರೂ ಸಾಲಿನಲ್ಲಿ ನಿಂತಿದ್ದಾಗ, ಅವನು ಇಂದುಮತಿಯ ಕೊರಳಿಗೆ ಒಂದು ಲ್ಯಾಮಿನೇಟ್ ಮಾಡಿಸಿದ ಕಾರ್ಡು ಹಾಕಿದ.

"ಆಂಟಿ, ಇದನ್ನ ತೆಗೀಲೇಬೇಡಿ. 'ನಾನು ಕಳೆದುಹೋಗಿದೀನಿ, ದಿನೇಶ್‌ಗೆ ಫೋನ್ ಮಾಡಿ' ಅಂತ ಗ್ರೀಕಲ್ಲಿ ಪ್ರಿಂಟ್ ಮಾಡ್ಸಿದೀನಿ. ನಿಮಗೆ ಇಂಗ್ಲಿಷೇ ನೆಟ್ಟಗೆ ಬರಲ್ಲ, ಅಲ್ಲಿ ಏನ್ ಮಾಡ್ತೀರ ಹೇಳಿ?"

ಎಲ್ಲರೂ ಗೊಳ್ಳೆಂದು ನಕ್ಕರು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಿಂದ ಬಂದಿದ್ದ ದೇವಮ್ಮ, ಹದಿನೈದು ವರ್ಷಗಳಿಂದ ಗೆಳತಿ, ಅವಳೂ ನಕ್ಕಳು. ನಕ್ಕು ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಇಂದುಮತಿಗೆ ಮೈಯೆಲ್ಲ ಉರಿದುಹೋಯಿತು. ಇದೇ ಜನರ ಮುಂದೆ ಈ ಕಾರ್ಡನ್ನು ಅವನ ಕೊರಳಿಗೆ ಹಾಕದೆ ಬಿಟ್ಟರೆ ಕೇಳು ಎಂದು ತನಗೆ ತಾನೇ ಹೇಳಿಕೊಂಡಳು.

ಗ್ರೀಸಿನಲ್ಲಿ ಅವಳಿಗೆ ಯಾವ ತೊಂದರೆಯೂ ಆಗಲಿಲ್ಲ. ಬೆರಳು ತೋರಿಸಿ ಹಣ್ಣು ಕೊಂಡಳು, ಮೂಗು ಮುರಿದು ಹಳಸಿದ ಬ್ರೆಡ್ಡನ್ನು ವಾಪಸು ಮಾಡಿದಳು, ಹೋಟೆಲಿನ ಅಜ್ಜಿಯ ಹತ್ತಿರ ಬಿಸಿನೀರಿನ ಚೀಲ ಇಸಕೊಂಡಳು.

ನಾಲ್ಕನೇ ದಿನ ದ್ವೀಪವೊಂದಕ್ಕೆ ಹೋಗಬೇಕಿತ್ತು. ಪುಟ್ಟ ಬಂದರಿನಲ್ಲಿ ಎರಡು ದೋಣಿ ನಿಂತಿದ್ದವು. ದಿನೇಶ್ ಮುಂದಿನ ದೋಣಿಯತ್ತ ಕೈ ತೋರಿಸಿ, ಇದು ಅಲ್ಲಿಗೆ ಹೋಗುವುದೇ ಎಂದು ದೊಡ್ಡ ದನಿಯಲ್ಲಿ ಗ್ರೀಕಿನಲ್ಲಿ ಕೇಳಿದ. ಹಗ್ಗ ಸುತ್ತುತ್ತಿದ್ದ ಮುದುಕ ಗದ್ದ ಮೇಲೆತ್ತಿ 'ಚ್' ಎಂದ.

"ನೋಡಿದ್ರಾ? ತಲೆ ಆಡಿಸ್ದ, ಹೂಂ ಅಂದ. ಹತ್ತಿ, ಹತ್ತಿ!" ಎಂದ ದಿನೇಶ್.

ಇಂದುಮತಿಗೆ ಒಳಗೊಳಗೇ ನಗು ಉಕ್ಕಿತು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಕಾರ್ಡು ನೇತಾಡಿಸಿಕೊಂಡು ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತಳು.

ದೋಣಿ ಅವರನ್ನು ಇಳಿಸಿದ್ದು ಬೋಳು ಬಂಡೆಗಳ ದ್ವೀಪವೊಂದರಲ್ಲಿ. ಒಂದು ಬಾಗಿಲು ಹಾಕಿದ ಹೋಟೆಲು, ಒಂದು ಮರ. ವಾಪಸು ದೋಣಿ ಸಂಜೆಗೆ. ತೊಂಬತ್ತೈದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ದೇವಮ್ಮ ದೋಣಿಯಲ್ಲೂ ವಾಂತಿ ಮಾಡಿಕೊಂಡಳು, ನೆಲದ ಮೇಲೂ ಮಾಡಿಕೊಂಡಳು. ಇಂದುಮತಿ ಅವಳ ಬೆನ್ನು ನೀವಿದಳು, ಬಾಯಿಗೆ ನೀರು ಹಾಕಿದಳು. ಆಮೇಲೆ ಬಂಡೆಯ ಮೇಲೆ ಕೂತು ಕಿತ್ತಳೆ ಸುಲಿದು ತಿಂದಳು. ಅಷ್ಟು ರುಚಿಯ ಕಿತ್ತಳೆಯನ್ನು ಅವಳು ಅದಕ್ಕೆ ಮೊದಲು ತಿಂದಿರಲಿಲ್ಲ.

ಆಗಸ್ಟಿನಲ್ಲಿ ದಿನೇಶನ ಮನೆಯಲ್ಲಿ ಫೋಟೋ ನೋಡುವ ಕೂಟ. ಡೆಟ್ರಾಯಿಟ್ ಕಡೆಯವರೂ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದರು. ತನ್ನ ದೇಶದ ಫೋಟೋ ನೋಡಲಿ ಎಂಬ ನೆಪ ಹೇಳಿ ಇಂದುಮತಿ ಎಲೆನಿಯನ್ನು ಕರೆತಂದಳು. ಕೈಚೀಲದಲ್ಲಿ ಕಾರ್ಡು ಇತ್ತು.

ಊಟಕ್ಕೆ ಕೂತಾಗ ದಿನೇಶ್ ದೋಣಿಯ ಕಥೆ ತೆಗೆದ. "ನನ್ನ ಗ್ರೀಕ್ ಪರ್ಫೆಕ್ಟಾಗೇ ಇತ್ತು. ಆ ಮುದುಕನೇ ಹೂಂ ಅಂತ ಸುಳ್ಳು ಹೇಳ್ದ."

"ಹೆಂಗಂದ ದಿನೇಶ್? ಒಂದ್ಸಲ ಮಾಡಿ ತೋರ್ಸಿ," ಎಂದಳು ಇಂದುಮತಿ.

ಅವನು ಗದ್ದ ಎತ್ತಿ 'ಚ್' ಎಂದು ತೋರಿಸಿದ.

"ಸರಿ. ಎಲೆನಿಗೆ ಇನ್ನೊಂದು ಹೋಳಿಗೆ ಬೇಕಾ ಕೇಳಿ. ಗ್ರೀಕಲ್ಲೇ ಕೇಳಿ."

ದಿನೇಶ್ ತಟ್ಟೆ ಹಿಡಿದು ಹೋಗಿ ಕೇಳಿದ. ಎಲೆನಿ ಗದ್ದ ಎತ್ತಿ 'ಚ್' ಎಂದಳು. ಅವನು ಹೋಳಿಗೆ ಹಾಕೇಬಿಟ್ಟ. ಎಲೆನಿ ಗಾಬರಿಯಾಗಿ ಎರಡು ಕೈಯನ್ನೂ ತಟ್ಟೆಗೆ ಅಡ್ಡ ಹಿಡಿದು ಮತ್ತೆ ಗದ್ದ ಎತ್ತಿದಳು. 'ಚ್, ಚ್!'

ಮೊದಲು ನಕ್ಕವಳು ದಿನೇಶನ ಹೆಂಡತಿ ನವ್ಯಶ್ರೀ. ಆಮೇಲೆ ಇಡೀ ಮನೆಯೇ ನಕ್ಕಿತು. ದಿನೇಶನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಇಂದುಮತಿ ಎದ್ದು ಹೋಗಿ ಕಾರ್ಡನ್ನು ಅವನ ಕೊರಳಿಗೆ ಹಾಕಿದಳು.

"ತೆಗೀಲೇಬೇಡಿ," ಎಂದಳು.

ಹೊಟ್ಟೆ ತಣ್ಣಗಾಯಿತು. ಆದರೆ ನಗದೆ ಕೂತಿದ್ದವಳೊಬ್ಬಳು ಇದ್ದಳು. ಇಂದುಮತಿ ಅಡುಗೆಮನೆಗೆ ಹೋದಾಗ ದೇವಮ್ಮ ಹಿಂದೆಯೇ ಬಂದಳು.

"ಇಂದು, ನಿಂಗೆ ಆವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಪ್ರಾಣ ಹೋಗೋ ಹಂಗೆ ವಾಂತಿ ಮಾಡ್ಕೊಂಡೆ ಕಣೇ. ಅವನ ಮೇಲಿನ ಸಿಟ್ಟಿಗೆ ನನ್ನನ್ಯಾಕೆ ಹತ್ತಿಸ್ದೆ? ನಾನೇನ್ ಮಾಡಿದ್ದೆ ನಿಂಗೆ?"

ಇಂದುಮತಿ ನಲ್ಲಿ ತಿರುಗಿಸಿ ಕೈ ತೊಳೆದಳು.

"ನನ್ನ ಫೋಟೋ ತೆಗ್ದೆ," ಎಂದಳು.