ಸೂಕ್ಷ್ಮ ತುರಂಗದಲ್ಲಿ ಮೂವತ್ತು ವರ್ಷ

ಫೋಟೋ ನೋಡಿ ಫೋನ್ ಮಾಡುತ್ತಿರುವ ಗೆಳೆಯರೇ, ನಾನು ಜೈಲಿಗೆ ಹೋಗಿರಲಿಲ್ಲ.

ಮೈಕ್ರೋವೇವ್ ಎಂಜಿನಿಯರಿಂಗ್ ಸಂಶೋಧನೆಗೊಂದು, ಪಾಠಕ್ಕೊಂದು ಪ್ರಶಸ್ತಿ ಬಂತೆಂದು ಇವತ್ತು ನಮ್ಮೂರು ಹೂಲಿಯಲ್ಲಿ ನನಗೆ ಸನ್ಮಾನವಿತ್ತು. ಮೈಕ್ರೋವೇವ್ ಬೇಡ, ಕನ್ನಡವೇ ಇರಲಿ ಎಂದು ಸಂಘಟಕರು 'ಸೂಕ್ಷ್ಮ ತರಂಗ' ಎಂದು ಬರೆದುಕೊಟ್ಟಿದ್ದರಂತೆ. ಸವದತ್ತಿಯಿಂದ ಬ್ಯಾನರ್ ಬಂದಾಗ ಅದು 'ಸೂಕ್ಷ್ಮ ತುರಂಗದಲ್ಲಿ ಮೂವತ್ತು ವರ್ಷ ಸೇವೆ' ಎಂದಾಗಿತ್ತು. ನಮ್ಮ ಕಡೆ ತುರಂಗವೆಂದರೆ ಜೈಲು.

ಪಕ್ಕದ ಮನೆಯ ಕಲ್ಲವ್ವ ಆಯಿ ಅದನ್ನು ಮೊಮ್ಮಗಳಿಂದ ಓದಿಸಿಕೊಂಡು, ಮುಂದಿನ ಸಾಲಿನಿಂದಲೇ ಕೇಳಿದಳು:

"ಮೂವತ್ತ ವರ್ಷ ತುರಂಗದಾಗ ಇದ್ದೇನೋ ತಮ್ಮಾ? ಅಂಥಾದ್ದೇನ್ ಮಾಡಿದ್ದಿ?"

"ಪಾಠಾ ಮಾಡೇನಿ, ಆಯಿ."

"ಅಷ್ಟಕ್ಕ ಮೂವತ್ತ ವರ್ಷ ಒಳಗ ಹಾಕಿದ್ರೇನ?"

ಸನ್ಮಾನಕ್ಕೆಂದೇ ಬೈಲಹೊಂಗಲದಿಂದ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿಂದಿನಿಂದ ಎದ್ದು ನಿಂತ:

"ಆಯಿ, ಸರ್ ಪಾಠಾ ಕೇಳಿದ್ದಕ್ಕ ನಾವೂ ನಾಕ ವರ್ಷ ಒಳಗ ಇದ್ವಿರಿ."

ಇಡೀ ಸಮಾರಂಭದಲ್ಲಿ ಮನಸ್ಸಿನಿಂದ ಚಪ್ಪಾಳೆ ಬಿದ್ದದ್ದು ಅದೊಂದಕ್ಕೇ. ಉತ್ತಮ ಶಿಕ್ಷಕ ಪ್ರಶಸ್ತಿಗೆ ನನ್ನ ಹೆಸರು ಸೂಚಿಸಿ ಪತ್ರ ಬರೆದವನೂ ಇವನೇ.