ಪಹಣಿಯಲ್ಲಿದ್ದವರ ತಕರಾರು

ಗ್ಯಾಸಿನ ಪೈಪು ನಮ್ಮ ಬಾವಿಯ ಮೇಲ್ಭಾಗದಿಂದ ಹೋದದ್ದಕ್ಕೆ ಊರಲ್ಲಿ ಎಲ್ಲರೂ ಹೇಳುವ ಕಾರಣ ಒಂದೇ: ಬರ ಬಿದ್ದಿತ್ತು, ಜನ ಹೈದರಾಬಾದಿಗೆ ದುಡಿಯಲು ಹೋಗಿದ್ದರು, ತಕರಾರು ಮಾಡಲು ಯಾರಿದ್ದರು? ಕೇಳಲು ಚೆನ್ನಾಗಿದೆ. ಆದರೆ ತಕರಾರುಗಳ ವಿಚಾರಣೆಯ ದಿನ ಬೀದರಿನ ಭೂಸ್ವಾಧೀನ ಕಚೇರಿಯ ವರಾಂಡದಲ್ಲಿ ಕೂರಲು ಜಾಗವಿರಲಿಲ್ಲ. ಕಟ್ಟಡದ ಕೆಲಸ ಬಿಟ್ಟು ಬಸ್ಸಿನಲ್ಲಿ ನಿಂತುಕೊಂಡೇ ಬಂದವರು, ಉಗುರಲ್ಲಿ ಇನ್ನೂ ಸಿಮೆಂಟು ಇದ್ದವರು, ಅಲ್ಲಿದ್ದರು. ಗುಳೆ ಹೋದವರ ಮೇಲೆ ತಪ್ಪು ಹೊರಿಸಬೇಡಿ ಎಂದು ನಾನು ಈಗಲೂ ಜಗಳ ಆಡುತ್ತೇನೆ. ಅರ್ಧ ತಪ್ಪು ನನ್ನದು.

ಭಾಲ್ಕಿಯಿಂದ ಔರಾದಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಮೇಲೆ ಕೆಂಪುಕಲ್ಲಿನ ದಿಬ್ಬ. ಅದರ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಳಿದು, ಕೆಳಗೆ ಅಪ್ಪನ ತಮ್ಮ, ನಮ್ಮ ಕಾಕಾನ ಹೊಲದ ಬಾವಿಯಲ್ಲಿ ಜಿನುಗುತ್ತದೆ. ಆ ವರ್ಷ ಕೊಳವೆಬಾವಿಗಳು ಧೂಳು ಉಗುಳಿದರೂ ಈ ಬಾವಿಯಲ್ಲಿ ನೀರಿತ್ತು. ಇಡೀ ಊರು ಅಲ್ಲಿಂದಲೇ ಕುಡಿಯುತ್ತಿತ್ತು. ಪೈಪಿಗಾಗಿ ನೆಟ್ಟ ಗುರುತಿನ ಕಲ್ಲುಗಳು ದಿಬ್ಬಕ್ಕೂ ಬಾವಿಗೂ ನಡುವೆ ಬಂದವು. ಗ್ಯಾಸೇ ಬೇಡ ಎಂದು ನಾವು ಹೇಳಲಿಲ್ಲ. ದಿಬ್ಬದ ಆಚೆ, ರಸ್ತೆಯ ಪಕ್ಕ ಹಾಕಿ ಎಂದೆವು. ಅಷ್ಟೇ.

ತಕರಾರು ಬರೆಯುವ ಕೆಲಸ ನನಗೆ ಬಂತು. ಭಾಲ್ಕಿಯ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಢಾಲು ಗೆದ್ದ ಹುಡುಗಿ ಬೇರೆ. ಹೆಸರು ಪಹಣಿಯಲ್ಲಿ ಇದ್ದಂತೆಯೇ ಇರಬೇಕು, ಒಂದು ಅಕ್ಷರ ತಪ್ಪಿದರೂ ಆಚೆ ಎಸೆಯುತ್ತಾರೆ ಎಂದು ಅಪ್ಪಣೆ ಮಾಡಿದೆ.

ಪಹಣಿಯಲ್ಲಿ ಇದ್ದವರು ಯಾರು? ನಮ್ಮೂರಲ್ಲಿ ತಾಯಿ ಬದುಕಿರುವವರೆಗೆ ತೀರಿಹೋದ ತಂದೆಯ ಹೆಸರನ್ನು ಪಹಣಿಯಿಂದ ತೆಗೆಸುವುದಿಲ್ಲ. ಅಣ್ಣತಮ್ಮಂದಿರು ಬದುವಿಗೆ ಕಲ್ಲಿಟ್ಟು ಹೊಲ ಹಂಚಿಕೊಳ್ಳುತ್ತಾರೆ, ಕಾಗದ ಮುಟ್ಟುವುದಿಲ್ಲ. ‘ಆಕಿ ಕುಂಕುಮ ಹೋಗ್ಯಾದ, ಹೆಸರೂ ಅಳಸಬೇಕೇನು?’ ಎಂದು ಕೇಳುತ್ತಾರೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಕಾಕಾ ಪೆನ್ನು ಹಿಡಿದು ಹಿಂದೆಮುಂದೆ ನೋಡಿದ.

‘ಮಗಳ, ಮುತ್ಯಾನ ಹೆಸರಿಲೆ ನಾ ಹ್ಯಾಂಗ ಸಹಿ ಮಾಡ್ಲಿ?’

‘ಪಹಣ್ಯಾಗ ಏನದ ಅದೇ ಬರೀರಿ ಕಾಕಾ. ವಾದ ಮಾಡಬ್ಯಾಡ್ರಿ.’

‘ಆತ್ರಿ, ವಕೀಲಬಾಯಿ!’

ಅವನು ನಮ್ಮ ಅಜ್ಜನ ಹೆಸರು ಬರೆದ. ಉಳಿದವರೂ ತಮ್ಮ ತಮ್ಮ ತಂದೆಯರ ಹೆಸರು ಬರೆದರು.

ವಿಚಾರಣೆಯಲ್ಲಿ ಅಧಿಕಾರಿ ಮೊದಲು ಕೂಗಿದ್ದೇ ಅಜ್ಜನ ಹೆಸರನ್ನು. ಕಾಕಾ ಕೈ ಎತ್ತಿದ.

‘ನೀವೇ ಏನ್ರಿ?’

‘ಅಲ್ರಿ ಸಾಹೇಬ್ರ, ನಮ್ಮಪ್ಪ.’

‘ಅವರು ಯಾಕ ಬಂದಿಲ್ಲ?’

‘ಅವರು ತೀರಿ ಭಾಳ ವರ್ಷ ಆತ್ರಿ.’

ಎರಡನೆಯ ಹೆಸರಿಗೂ ಅದೇ ಉತ್ತರ, ಮೂರನೆಯದಕ್ಕೂ ಅದೇ. ಅಧಿಕಾರಿ ಕನ್ನಡಕ ತೆಗೆದು ನಕ್ಕರು. ‘ನಿಮ್ಮೂರಾಗ ಸತ್ತವರ ಅಕ್ಷರ ಭಾಳ ಚೆಂದ ಅವ ನೋಡ್ರಿ.’ ಗುಮಾಸ್ತನ ಕಡೆ ತಿರುಗಿ, ಬದುಕಿದ್ದವರ ತಕರಾರು ಒಂದೂ ಇಲ್ಲ ಎಂದು ಬರೆಸಿದರು. ಹೊಸದಾಗಿ ಬರೆದು ಕೊಡುತ್ತೇವೆ ಎಂದೆ. ಅವಧಿ ಮುಗಿದಿತ್ತು.

ಪೈಪಿಗೆ ಜಾಗ ಬೇಕೆಂದು ಅವರ ಕಚೇರಿಯಿಂದ ಬಂದಿದ್ದ ನೋಟೀಸನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟೆ. ‘ಇದನ್ನ ನೀವು ಯಾರ ಹೆಸರಿಗಿ ಕಳಿಸೀರಿ, ಓದ್ರಿ. ನಮ್ಮ ಮುತ್ಯಾಗ! ಸತ್ತವರಿಗಿ ನೋಟೀಸು ಕೊಡಬಹುದು, ಸತ್ತವರು ಉತ್ತರ ಕೊಡಬಾರದು, ಇದು ಯಾವ ನ್ಯಾಯರಿ?’

ವರಾಂಡದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸ್ಪರ್ಧೆಯಾಗಿದ್ದರೆ ಗೆದ್ದಿರುತ್ತಿದ್ದೆ. ಅಧಿಕಾರಿ ಮುಂದಿನ ಊರಿನ ಫೈಲು ತರಿಸಿದರು.

ಊರಿಗೆ ಹೋಗುವ ಬಸ್ಸಿನಲ್ಲಿ ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎದುರು ವಾದಿಸಬಹುದಿತ್ತು. ‘ಹೋಗ್ಲಿ ಬಿಡವ್ವಾ, ಬರಗಾಲ’ ಎಂದ. ಆ ಮಾತು ಆಗಲೇ ಶುರುವಾಗಿತ್ತು.

ಪೈಪಿಗಾಗಿ ಅಗೆತ ಶುರುವಾದ ಮೂರನೆಯ ದಿನ ಮುಂಜಾನೆ ಬಾವಿಗೆ ಬಿಟ್ಟ ಕೊಡ ತಳದ ಕಲ್ಲಿಗೆ ಬಡಿಯಿತು. ಹೆಂಗಸರು ದಿಬ್ಬದ ಕಡೆ ಓಡಿದರು, ಹಿಂದೆ ನಾನೂ. ಅಗೆದ ಕಾಲುವೆಯಲ್ಲಿ ಮೊಣಕಾಲುದ್ದ ತಿಳಿನೀರು ನಿಂತಿತ್ತು. ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಪಂಪು ಹಚ್ಚಿ ಅದನ್ನು ದಾರಿಗೆ ಚೆಲ್ಲುತ್ತಿದ್ದರು. ಒಬ್ಬಾಕೆ ಆ ಕೆಸರಿನಲ್ಲೇ ಕೂತು, ಪಂಪಿನ ಕೊಳವೆಯ ಬಾಯಿಗೆ ಕೊಡ ಒಡ್ಡಿದಳು. ಕೆಲಸ ಮಾಡಿಸುತ್ತಿದ್ದ ಇಂಜಿನಿಯರು ಬೇಡ ಎನ್ನಲಿಲ್ಲ, ಫೋನಿನಲ್ಲಿ ಮಾತಾಡುತ್ತ ನಿಂತಿದ್ದರು. ಮಾತು ಮುಗಿಯುವವರೆಗೂ ಕಾದೆ.

‘ಸಾಹೇಬ್ರ, ನೀವು ಅಗೀಲಿಲ್ಲಂದ್ರ ಈ ನೀರು ಎಲ್ಲಿಗಿ ಹೋಗ್ತಿದ್ವುರಿ?’